‘ಹಂದಿ ತಿಂತೀರಾ?’ ಅನ್ನೋ ಪ್ರಶ್ನೆ ಮತ್ತು ಒಂದು ಹುಳುವಿನ 170 ವರ್ಷದ ಕಥೆ



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಕೊನೆವರೆಗೂ ಓದಿ. ನಮ್ಮ ಮನೆಯ ವಿಷಯ ಇದು. ಬರೀಬೇಕಾ ಬೇಡ್ವಾ ಅಂತ ಮೂರು ತಿಂಗಳು ಯೋಚನೆ ಮಾಡಿದೀನಿ. ಅಕ್ಕನನ್ನ ಕೇಳಿ, ಅವಳು ಹೂಂ ಅಂದಮೇಲೆ ಬರೀತಿದೀನಿ.

ಕಳೆದ ವರ್ಷ ಅಕ್ಕನ ಮಗ ಕಾಲೇಜಿಗೆ ಹೊರಟವನು ಬಸ್ ಸ್ಟ್ಯಾಂಡಿನಲ್ಲಿ ಬಿದ್ದುಬಿಟ್ಟ. ಕೈಕಾಲು ಸೆಟೆದುಕೊಂಡು ಬಾಯಲ್ಲಿ ನೊರೆ. ಯಾರೋ ಬೀಗದ ಕೈ ಗೊಂಚಲು ತಂದು ಕೈಗೆ ತುರುಕಿದರಂತೆ. ಮನೆಯಲ್ಲಿ ಮೊದಲು ಗುಡಿಗೆ ಹೋಗಿ ತಾಯತ ಕಟ್ಟಿಸಿದರು. ಎರಡನೇ ಸಲ ಬಿದ್ದಾಗ ನಾನು ರಜೆ ಹಾಕಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಸ್ಕ್ಯಾನ್ ಮಾಡಿದ್ರು. ಮಿದುಳಲ್ಲಿ ಬಟಾಣಿಗಿಂತ ಚಿಕ್ಕದೊಂದು ಗುಳ್ಳೆ.

ಡಾಕ್ಟರು ಚೀಟಿ ನೋಡಿದರು, ನಮ್ಮ ಮುಖ ನೋಡಿದರು, ಆಮೇಲೆ ಎಲ್ಲರಿಗೂ ಕೇಳೋ ಹಾಗೆ, "ಹಂದಿ ತಿಂತೀರಾ?" ಅಂದರು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ತಲೆ ತಗ್ಗಿಸಿಕೊಂಡು, "ಇಲ್ಲ ಸಾರ್, ನಾವು ಅಂಥದ್ದೆಲ್ಲ ತಿನ್ನಲ್ಲ" ಅಂದಳು.

ಸುಳ್ಳು. ನಾವು ತಿಂತೀವಿ. ಎರಡು ತಿಂಗಳ ಹಿಂದಷ್ಟೇ ಹಬ್ಬದಲ್ಲಿ ತಿಂದಿದ್ವಿ. ಆಹಾರದ ಹಕ್ಕಿನ ಬಗ್ಗೆ ಇದೇ ಗೋಡೆ ಮೇಲೆ ಎಷ್ಟು ಸಲ ಬರೆದವನು ನಾನು! ಅವತ್ತು ಅಕ್ಕನ ಪಕ್ಕದಲ್ಲೇ ನಿಂತಿದ್ದೆ. ನಾನೂ ಬಾಯಿ ಬಿಡಲಿಲ್ಲ.

ಆ ಅವಮಾನ ತಡೆಯಲಾರದೆ ಓದೋಕೆ ಶುರು ಮಾಡಿದೆ. ನಾನು ಬಿ.ಎ. ಓದಿದ ಗುಮಾಸ್ತ, ಡಾಕ್ಟರ್ ಅಲ್ಲ. ಆದ್ರೆ ಕಡತ ಓದೋ ಅಭ್ಯಾಸ ಇದೆ. ಹಳೇ ಪುಟದಿಂದ ಶುರು ಮಾಡಿದರೆ ಯಾರು ಏನು ಮುಚ್ಚಿಟ್ಟಿದ್ದಾರೆ ಅನ್ನೋದು ಗೊತ್ತಾಗುತ್ತೆ. ಈ ಹುಳುವಿನ ಕಡತ ಓದಿದಾಗಲೂ ಹಾಗೇ ಆಯ್ತು.

ಮೊದಲು ಹುಳುವಿನ ಕೆಲಸ ಹೇಗೆ ಅಂತ ತಿಳ್ಕೊಳ್ಳೋಣ. ಇದಕ್ಕೆ ಲಾಡಿ ಹುಳು ಅಂತಾರೆ. ಲಾಡಿಯ ಹಾಗೇ ಚಪ್ಪಟೆ, ಉದ್ದ. ಹಂದಿಯಿಂದ ಬರೋ ಲಾಡಿ ಹುಳು ಮನುಷ್ಯರ ಕರುಳಲ್ಲಿ ಹಲವು ಮೀಟರ್ ಬೆಳೆದು, ವರ್ಷಗಟ್ಟಲೆ ಇರಬಹುದು. ಎಷ್ಟೋ ಜನಕ್ಕೆ ಹುಳು ಇದೆ ಅಂತಲೇ ಗೊತ್ತಾಗಲ್ಲ. ಅದರ ಮೊಟ್ಟೆ ಮಲದ ಜೊತೆ ಹೊರಗೆ ಬರುತ್ತೆ. ಬಯಲಲ್ಲಿ ಬಿದ್ದ ಆ ಮಲವನ್ನ ಹಂದಿ ತಿಂದರೆ ಹಂದಿಯ ಮಾಂಸದಲ್ಲಿ ಸಬ್ಬಕ್ಕಿ ಕಾಳಿನಂಥ ಗುಳ್ಳೆಗಳಾಗ್ತವೆ. ಆ ಮಾಂಸವನ್ನ ಸರಿಯಾಗಿ ಬೇಯಿಸದೆ ನಾವು ತಿಂದರೆ, ಆ ಗುಳ್ಳೆಯೊಳಗಿನ ಮರಿ ನಮ್ಮ ಕರುಳಿಗೆ ಅಂಟಿಕೊಂಡು ಮತ್ತೆ ಲಾಡಿ ಹುಳು ಆಗುತ್ತೆ.

ಹಾಗಾದ್ರೆ ಮಿದುಳಿಗೆ ಹೋಗೋದು ಹೇಗೆ? ಇಲ್ಲೇ ಎಲ್ಲರೂ ಎಡವೋದು. ಮಿದುಳಿನ ಗುಳ್ಳೆ ನೇರವಾಗಿ ಹಂದಿ ಮಾಂಸದಿಂದ ಬರಲ್ಲ. ಹೊಟ್ಟೆಯಲ್ಲಿ ಹುಳು ಇರೋ ಯಾರದೋ ಮಲದಲ್ಲಿರೋ ಮೊಟ್ಟೆ ನೀರಿನಲ್ಲಿ, ಹಸಿ ಸೊಪ್ಪಿನಲ್ಲಿ, ತೊಳೆಯದ ಕೈಯಲ್ಲಿ ನಮ್ಮ ಬಾಯಿಗೆ ಸೇರಿದಾಗ ಬರುತ್ತೆ. ಮೊಟ್ಟೆ ಒಡೆದು ಮರಿ ರಕ್ತ ಸೇರಿ ಮಿದುಳು, ಕಣ್ಣು, ಮಾಂಸಖಂಡ ಎಲ್ಲಿ ಬೇಕಾದರೂ ಗುಳ್ಳೆ ಕಟ್ಟುತ್ತೆ. ಇನ್ನೊಂದು ಸಲ ಹೇಳ್ತೀನಿ: ಮಾಂಸದ ಗುಳ್ಳೆ ತಿಂದರೆ ಹೊಟ್ಟೆಯಲ್ಲಿ ಹುಳು, ಮಲದ ಮೊಟ್ಟೆ ತಿಂದರೆ ಮಿದುಳಲ್ಲಿ ಗುಳ್ಳೆ. ದನದ ಬಾಡಿನಿಂದಲೂ ಒಂದು ಲಾಡಿ ಹುಳು ಬರುತ್ತೆ. ಅದು ಬೇರೆ ಜಾತಿಯದು, ಅದರಿಂದ ಮಿದುಳಲ್ಲಿ ಗುಳ್ಳೆ ಆಗಲ್ಲ.

ಈಗ ಇತಿಹಾಸಕ್ಕೆ ಬರ್ತೀನಿ.

ಹಂದಿಯ ಮಾಂಸದಲ್ಲಿ ಗುಳ್ಳೆ ಇರೋದು ಮನುಷ್ಯರಿಗೆ ಬಹಳ ಹಿಂದಿನಿಂದ ಗೊತ್ತು. ಗ್ರೀಕರ ಅರಿಸ್ಟಾಟಲ್ ಇದನ್ನ ಬರೆದಿದ್ದಾನೆ, ಹಂದಿಯ ನಾಲಿಗೆ ಕೆಳಗೆ ನೋಡಿದರೆ ಕಾಣುತ್ತೆ ಅಂತ. ಓದುವಾಗ ನನಗೆ ನಮ್ಮ ಚಿಕ್ಕಪ್ಪ ನೆನಪಾದ. ಹಂದಿ ಕೊಳ್ಳುವಾಗ ಬಾಯಿಗೆ ಕೋಲು ಕೊಟ್ಟು, ನಾಲಿಗೆ ಎಳೆದು ಬೆರಳಾಡಿಸಿ ನೋಡ್ತಿದ್ದ. ಗಂಟು ಸಿಕ್ಕರೆ "ಇದು ಬ್ಯಾಡ ಕಣ್ಲಾ" ಅಂತ ಮುಂದಕ್ಕೆ ಹೋಗೋನು. ಅಕ್ಷರ ಬಾರದ ಚಿಕ್ಕಪ್ಪನಿಗೂ ಅರಿಸ್ಟಾಟಲನಿಗೂ ಗೊತ್ತಿದ್ದದ್ದು ಒಂದೇ ವಿದ್ಯೆ.

ಆದ್ರೆ ಆ ಗುಳ್ಳೆಗೂ ಹೊಟ್ಟೆಯ ಹುಳುವಿಗೂ ಸಂಬಂಧ ಇದೆ ಅಂತ ಸಾಬೀತಾಗಿದ್ದು 1855ರಲ್ಲಿ. ಜರ್ಮನಿಯ ಕುಕೆನ್‌ಮೈಸ್ಟರ್ ಅನ್ನೋ ವೈದ್ಯ, ಮರಣದಂಡನೆ ಆಗಿದ್ದ ಒಬ್ಬ ಕೈದಿಗೆ ಸಾಯೋಕೆ ಕೆಲವೇ ದಿನ ಮುಂಚೆ ಹಂದಿಯ ಗುಳ್ಳೆಗಳನ್ನ ಊಟದಲ್ಲಿ ಬೆರೆಸಿ ತಿನ್ನಿಸಿದ. ತಲೆ ಕಡಿದ ಮೇಲೆ ಹೊಟ್ಟೆ ಬಗೆದು ನೋಡಿದ. ಕರುಳಲ್ಲಿ ಎಳೇ ಲಾಡಿ ಹುಳುಗಳು ಅಂಟಿಕೊಂಡಿದ್ದವು. ನಾಲ್ಕೈದು ವರ್ಷ ಬಿಟ್ಟು ಇನ್ನೊಬ್ಬ ಕೈದಿಯ ಮೇಲೆ ಮತ್ತೆ ಪ್ರಯೋಗ ಮಾಡಿದ. ವಿಜ್ಞಾನ ಗೆದ್ದಿತು, ಸರಿ. ಆದ್ರೆ ಯಾರ ದೇಹದ ಮೇಲೆ ಗೆದ್ದಿತು ಅಂತ ನಾವಾದ್ರೂ ನೆನಪಿಟ್ಟುಕೊಳ್ಳೋಣ. ಆ ಕಾಲದಲ್ಲೂ ಇದನ್ನ ಖಂಡಿಸಿದವರು ಇದ್ದರು.

ಅದೇ ಜರ್ಮನಿಯಲ್ಲಿ ಹಂದಿಯ ಇನ್ನೊಂದು ಹುಳುವಿನ ಕಥೆ ಇದೆ. ಟ್ರಿಕಿನ ಅಂತ ಅದರ ಹೆಸರು. ದಾರದಂಥ ಸಣ್ಣ ಹುಳು, ಮಾಂಸಖಂಡದೊಳಗೆ ಸುರುಳಿ ಸುತ್ತಿಕೊಂಡು ಕೂರುತ್ತೆ. 1835ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಪ್ಯಾಜೆಟ್ ಅನ್ನೋ ವಿದ್ಯಾರ್ಥಿ ಹೆಣ ಕೊಯ್ಯುವಾಗ ಇದನ್ನ ಮೊದಲು ನೋಡಿದ್ದ. ಅದು ಏನೂ ತೊಂದರೆ ಕೊಡಲ್ಲ ಅಂದುಕೊಂಡಿದ್ದರು. 1860ರಲ್ಲಿ ಡ್ರೆಸ್ಡನ್ ನಗರದಲ್ಲಿ 20ರ ಆಸುಪಾಸಿನ ಒಬ್ಬ ಮನೆಗೆಲಸದ ಹುಡುಗಿ ಸತ್ತಳು. ವಿಷಮಜ್ವರ ಅಂದುಕೊಂಡಿದ್ದರು. ಜೆಂಕರ್ ಅನ್ನೋ ವೈದ್ಯ ನೋಡಿದರೆ ಅವಳ ಮೈಯ ಮಾಂಸಖಂಡದಲ್ಲೆಲ್ಲ ಇದೇ ಹುಳು. ಅವಳು ಕೆಲಸ ಮಾಡ್ತಿದ್ದ ಮನೆಯಲ್ಲಿ ಕ್ರಿಸ್‌ಮಸ್‌ಗೆ ಹಂದಿ ಕಡಿದಿದ್ದರು. ಆ ಮಾಂಸದಲ್ಲೂ ಹುಳು ಸಿಕ್ಕಿತು.

ಐದು ವರ್ಷ ಆದಮೇಲೆ, 1865ರಲ್ಲಿ, ಹೆಡರ್ಸ್‌ಲೆಬೆನ್ ಅನ್ನೋ ಹಳ್ಳಿಯಲ್ಲಿ 337 ಜನ ಕಾಯಿಲೆ ಬಿದ್ದು 101 ಜನ ಸತ್ತರು. ಹಸಿ ಹಂದಿ ಮಾಂಸವನ್ನ ಸಣ್ಣಗೆ ಕೊಚ್ಚಿ ತಿನ್ನೋದು ಆ ಕಡೆಯ ರೂಢಿ.

ಗೆಳೆಯರೇ, ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಒಂದು ಹಳ್ಳಿಯಲ್ಲಿ ಹಸಿ ಹಂದಿ ತಿಂದು ನೂರೊಂದು ಜನ ಸತ್ತರು. ನಮ್ಮ ದೇಶದಲ್ಲಾಗಿದ್ದರೆ ಏನಂತಿದ್ದರು? "ತಿನ್ನಬಾರದ್ದನ್ನ ತಿಂದರು, ಅನುಭವಿಸಿದರು" ಅಂತಿದ್ದರು. ಜರ್ಮನರು ಏನು ಮಾಡಿದರು? ರುಡಾಲ್ಫ್ ವಿರ್ಕೋ ಅನ್ನೋ ದೊಡ್ಡ ವೈದ್ಯ ಮುಂದೆ ನಿಂತ. ಆತ ರಾಜಕಾರಣಿಯೂ ಹೌದು. 1848ರಲ್ಲೇ ಸೈಲೀಸಿಯಾದ ಬಡವರಲ್ಲಿ ಜ್ವರ ಹಬ್ಬಿದಾಗ, ಕಾರಣ ಬಡತನ ಮತ್ತು ಸರ್ಕಾರದ ನಿರ್ಲಕ್ಷ್ಯ ಅಂತ ವರದಿ ಬರೆದವನು. ಕಡಿದ ಪ್ರತಿ ಹಂದಿಯ ಮಾಂಸವನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಬೇಕು ಅಂತ ಈ ಸಲವೂ ಹೋರಾಡಿದ. ಕಸಾಯಿಗಳು ವಿರೋಧ ಮಾಡಿದರು, ಗೇಲಿ ಮಾಡಿದವರೂ ಇದ್ದರು. ಕೊನೆಗೆ ಊರೂರಿಗೆ ಮಾಂಸ ಪರೀಕ್ಷಕರು ಬಂದರು. 1900ರಲ್ಲಿ ಇಡೀ ದೇಶಕ್ಕೆ ಮಾಂಸ ತಪಾಸಣೆ ಕಾನೂನೇ ಬಂತು.

ಇವತ್ತಿಗೂ ಜರ್ಮನರು ಹಸಿ ಹಂದಿ ಕೈಮಾವನ್ನ ಬ್ರೆಡ್ ಮೇಲೆ ಹಚ್ಚಿಕೊಂಡು, ಈರುಳ್ಳಿ ಉದುರಿಸಿ ತಿಂತಾರೆ. ಮೆಟ್ ಅಂತಾರೆ ಅದಕ್ಕೆ. ಬೇಕರಿಯಲ್ಲೇ ಸಿಗುತ್ತೆ. ಅವರನ್ನ ಯಾರೂ ಕೊಳಕರು ಅನ್ನಲ್ಲ. ಅವರ ನಾಲಿಗೆ ಬದಲಾಗಲಿಲ್ಲ, ಅವರ ಸರ್ಕಾರದ ವ್ಯವಸ್ಥೆ ಬದಲಾಯ್ತು.

ಈಗ ನಮ್ಮ ದೇಶದ ಪುಟ.

1888. ಮದರಾಸು. ಫಿಟ್ಸ್ ಬಂದು ಸತ್ತ ಒಬ್ಬ ಕೂಲಿಯ ಹೆಣ ಕೊಯ್ದಾಗ ಮಿದುಳಲ್ಲಿ ಈ ಗುಳ್ಳೆಗಳಿದ್ದವು ಅಂತ ಆರ್ಮ್‌ಸ್ಟ್ರಾಂಗ್ ಅನ್ನೋ ವೈದ್ಯ ಬರೆದ. ಭಾರತದಲ್ಲಿ ಈ ಕಾಯಿಲೆಯ ಮೊದಲ ದಾಖಲೆ ಅಂತ ಇದನ್ನೇ ಹೇಳ್ತಾರೆ. ಹೆಸರು ಬರೆದದ್ದು ವೈದ್ಯನದು. ಸತ್ತವನು ಬರೀ ‘ಕೂಲಿ’. ಅವನಿಗೆ ಅಕ್ಕ ಇದ್ದಳಾ, ಯಾರು ಅತ್ತರು, ಯಾವ ಪುಟದಲ್ಲೂ ಇಲ್ಲ.

ಮುಂದೆ 1930ರ ದಶಕ. ಇಂಡಿಯಾದಲ್ಲಿ ಕೆಲಸ ಮಾಡಿ ಇಂಗ್ಲೆಂಡಿಗೆ ವಾಪಸ್ ಹೋದ ಬ್ರಿಟಿಷ್ ಸೈನಿಕರಿಗೆ ವರ್ಷಗಳಾದ ಮೇಲೆ ಫಿಟ್ಸ್ ಬರೋಕೆ ಶುರುವಾಯ್ತು. ಗಟ್ಟಿಮುಟ್ಟಾದ ಗಂಡಸರು, ಮನೆತನದಲ್ಲಿ ಯಾರಿಗೂ ಮೂರ್ಛೆ ಇಲ್ಲ. ಮ್ಯಾಕ್‌ಆರ್ಥರ್ ಅನ್ನೋ ಸೇನಾ ವೈದ್ಯ ಬೆನ್ನು ಹತ್ತಿ, ಇದು ಲಾಡಿ ಹುಳುವಿನ ಗುಳ್ಳೆ ಅಂತ ತೋರಿಸಿದ. 1961ರಲ್ಲಿ ಡಿಕ್ಸನ್, ಲಿಪ್ಸ್‌ಕೋಂಬ್ ಅನ್ನೋ ಇಬ್ಬರು 450 ರೋಗಿಗಳ ದೊಡ್ಡ ವರದಿ ಬರೆದರು. ಹೆಚ್ಚಿನವರು ಇಂಡಿಯಾದಲ್ಲಿದ್ದ ಸೈನಿಕರೇ. ಈ ಕಾಯಿಲೆ ಹೇಗೆ ಬೆಳೆಯುತ್ತೆ, ಎಷ್ಟು ವರ್ಷ ಸುಮ್ಮನಿದ್ದು ಆಮೇಲೆ ಹೊಡೆಯುತ್ತೆ ಅಂತ ಲೋಕಕ್ಕೆ ಗೊತ್ತಾಗಿದ್ದು ಆ ಸೈನಿಕರಿಂದ. ಮದರಾಸಿನ ಕೂಲಿ ಸತ್ತಾಗ ಒಂದು ಟಿಪ್ಪಣಿ. ಬಿಳಿ ಸೈನಿಕರು ಬಿದ್ದಾಗ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ವರದಿ.

ಸ್ವಾತಂತ್ರ್ಯ ಬಂದಮೇಲೂ ನಮ್ಮ ಮಕ್ಕಳ ಗುಳ್ಳೆ ಏನು ಅಂತ ಬಹಳ ಕಾಲ ಸರಿಯಾಗಿ ತಿಳಿದಿರಲಿಲ್ಲ. ಸ್ಕ್ಯಾನ್ ಬಂದಮೇಲೆ ಫಿಟ್ಸ್ ಬಂದವರ ಮಿದುಳಲ್ಲಿ ಒಂದೇ ಒಂದು ಚಿಕ್ಕ ಗುಳ್ಳೆ ಕಂಡರೆ ಟಿ.ಬಿ. ಗಂಟು ಅಂದುಕೊಂಡು ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ಕೊಡ್ತಿದ್ದರು. 1980ರ ದಶಕದ ಕೊನೆಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರಾದ ಚಾಂಡಿ ಮತ್ತು ರಾಜಶೇಖರ್ ಅಂಥ ಗುಳ್ಳೆಗಳನ್ನ ತೆಗೆದು ಪರೀಕ್ಷಿಸಿ, ಇವುಗಳಲ್ಲಿ ಹೆಚ್ಚಿನವು ಟಿ.ಬಿ. ಅಲ್ಲ, ಲಾಡಿ ಹುಳುವಿನವು ಅಂತ ತೋರಿಸಿದರು. ಆಗ ಇನ್ನೊಂದು ವಿಷಯವೂ ಹೊರಗೆ ಬಂತು. ಭಾರತದಲ್ಲಿ ಈ ಕಾಯಿಲೆಯವರಲ್ಲಿ ದೊಡ್ಡ ಪಾಲು ಹಂದಿ ಮುಟ್ಟದವರು, ಎಷ್ಟೋ ಜನ ಹುಟ್ಟಾ ಸಸ್ಯಾಹಾರಿಗಳು!

ಇದಕ್ಕಿಂತ ಸ್ಪಷ್ಟ ಉದಾಹರಣೆ ನ್ಯೂಯಾರ್ಕಿನದು. ಅಲ್ಲಿನ ಕಟ್ಟಾ ಯಹೂದಿಗಳು ಧರ್ಮದ ಪ್ರಕಾರ ಹಂದಿ ಮನೆಯೊಳಗೇ ಬಿಟ್ಟುಕೊಳ್ಳಲ್ಲ. ಅಂಥ ಮನೆಗಳ ನಾಲ್ಕು ಜನಕ್ಕೆ ಮಿದುಳಲ್ಲಿ ಹಂದಿಯ ಲಾಡಿ ಹುಳುವಿನ ಗುಳ್ಳೆ ಬಂತು. 1992ರಲ್ಲಿ ಈ ವರದಿ ಬಂದಾಗ ಎಲ್ಲರಿಗೂ ಆಶ್ಚರ್ಯ. ಹುಡುಕುತ್ತಾ ಹೋದರೆ, ಲ್ಯಾಟಿನ್ ಅಮೆರಿಕದಿಂದ ಕೆಲಸಕ್ಕೆ ಬಂದ ಮನೆಗೆಲಸದವರಲ್ಲಿ ಒಬ್ಬರಿಗೆ ಲಾಡಿ ಹುಳು ಇತ್ತು. ಇಲ್ಲೂ ಹುಷಾರಾಗಿರಬೇಕು ನಾವು. ‘ನೋಡಿ, ಕೆಲಸದವಳಿಂದ ಬಂತು’ ಅಂತ ಬೆರಳು ತೋರಿಸೋದು ಸುಲಭ. ಆ ಕೆಲಸದವಳ ಊರಿಗೆ ಕಕ್ಕಸು, ಔಷಧಿ, ತಪಾಸಣೆ ಯಾಕೆ ತಲುಪಿರಲಿಲ್ಲ ಅಂತ ಕೇಳೋರು ಕಡಿಮೆ.

ನ್ಯೂಯಾರ್ಕ್ ದೂರ ಆಯ್ತು ಅನ್ನೋರಿಗೆ ನಮ್ಮ ಕಚೇರಿಯದ್ದೇ ಹೇಳ್ತೀನಿ. ಮೊಟ್ಟೆ ಪಫ್ಸ್ ತಂದರೂ ಮೂಗು ಮುಚ್ಚಿಕೊಳ್ಳೋ ಒಬ್ಬರು ನಮ್ಮ ಜೊತೆ ಕೆಲಸ ಮಾಡ್ತಾರೆ. ನಾನು ಅಳಿಯನ ವಿಷಯ ಮಾತಾಡ್ತಿದ್ದಾಗ ಸುಮ್ಮನೆ ಕೇಳಿಸಿಕೊಂಡು, ಸಂಜೆ ಒಬ್ಬನೇ ಇದ್ದಾಗ ಬಂದು, "ನನ್ನ ಮಗಳಿಗೂ ಅದೇ ಕಣ್ರೀ. ನಮ್ಮೋರ ಹತ್ರ ಹೇಳ್ಕೊಳ್ಳೋಕಾಗಲ್ಲ" ಅಂದರು. ಹಂದಿ ಅಂತ ಹೆಸರು ಬಂದರೆ ಸಂಬಂಧಿಕರು ಏನಂತಾರೋ ಅನ್ನೋ ಭಯ. ನನ್ನ ಅಕ್ಕ ಸುಳ್ಳು ಹೇಳಿದಳು, ಅವರು ಬಾಯಿ ಮುಚ್ಚಿಕೊಂಡರು. ಮಡಿ-ಮೈಲಿಗೆ ಇಬ್ಬರಿಗೂ ಔಷಧಿಯ ದಾರಿ ಮುಚ್ಚಿತ್ತು.

ಹಾಗಾದ್ರೆ ಈ ಕಾಯಿಲೆಯ ಬೇರು ಎಲ್ಲಿದೆ? ಮನುಷ್ಯರ ಮಲವನ್ನ ಸರ್ಕಾರ ಎಲ್ಲಿಗೆ ಬಿಡುತ್ತೆ ಅನ್ನೋದರಲ್ಲಿದೆ. ನಮ್ಮ ಪಟ್ಟಣಗಳ ಒಳಚರಂಡಿ ಯಾವ ಕೇರಿ ಹತ್ತಿರ ಬಂದು ನಿಲ್ಲುತ್ತೆ? ರಾಜಕಾಲುವೆ ಪಕ್ಕ ಹಂದಿ ಸಾಕೋರು ಯಾರು, ಅವರಿಗೆ ದೊಡ್ಡಿ ಕಟ್ಟೋಕೆ ಜಾಗ ಕೊಟ್ಟವರು ಯಾರು? ಹಂದಿ ತಾನಾಗೇ ಮಲ ಹುಡುಕಿಕೊಂಡು ಹೋಗಲಿಲ್ಲ, ಮೇವಿಗೆ ದಿಕ್ಕಿಲ್ಲದೆ ಹೋಯ್ತು. ಅದೇ ಮಲವನ್ನ ತಲೆ ಮೇಲೆ ಹೊರಿಸಿದ ಸಮಾಜ ಇದು. 70ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಲ ಹೊರೋದನ್ನ ನಿಲ್ಲಿಸಿ ಅಂತ ಆದೇಶ ಮಾಡಿದರು. ಆದ್ರೂ 2010ರಲ್ಲಿ ಸವಣೂರಿನಲ್ಲಿ ನಮ್ಮ ಭಂಗಿ ಬಂಧುಗಳು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟನೆ ಮಾಡಬೇಕಾಯ್ತು. ಇದೆಲ್ಲ ಬೇರೆ ಬೇರೆ ಸುದ್ದಿ ಅಂತ ಓದಿದ್ದೆ. ಈಗ ಗೊತ್ತಾಗ್ತಿದೆ, ಇದೂ ನನ್ನ ಅಳಿಯನ ಮಿದುಳಿನ ಗುಳ್ಳೆಯೂ ಒಂದೇ ಕಡತದವು.

1990ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಿನ ಹಳ್ಳಿಗಳಲ್ಲಿ ಲಕ್ಷ ಜನರ ಮೇಲೆ ಸಮೀಕ್ಷೆ ಮಾಡಿದರು. ಮೂರ್ಛೆರೋಗ ನಗರದಲ್ಲಿ ಸಾವಿರಕ್ಕೆ 5.7 ಜನಕ್ಕಿದ್ದರೆ ಹಳ್ಳಿಯಲ್ಲಿ 11.9. ಎಲ್ಲದಕ್ಕೂ ಹುಳುವೇ ಕಾರಣ ಅಲ್ಲ, ಬೇರೆ ಕಾರಣಗಳೂ ಇವೆ. ಆದ್ರೆ ಈ ಹುಳು ಬೇರೂರಿದ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು 30% ಇದರಿಂದಲೇ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ತಡೆಯಬಹುದಾದ ಮೂರ್ಛೆ ಅದು.

ಈಗ ನಮ್ಮೊಳಗಿನ ಮಾತು. ಕೋಪ ಮಾಡ್ಕೋಬೇಡಿ.

ಮೇಲಿನದೆಲ್ಲ ಬರೆದು ‘ನಮ್ಮದೇನೂ ತಪ್ಪಿಲ್ಲ’ ಅಂತ ಮುಗಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗೆ. ಲಾಡಿ ಹುಳು ಹೊಟ್ಟೆಗೆ ಬರೋದು ಅರೆಬೆಂದ ಬಾಡಿನಿಂದಲೇ. ಹಬ್ಬದ ದಿನ ಹಂದಿ ಸುಡುವಾಗ ಕಿವಿ, ತೊಗಲು ಕುಯ್ದು ಬಿಸಿಬಿಸಿ ಮಕ್ಕಳ ಕೈಗೆ ಕೊಡ್ತೀವಲ್ಲ, ಹೊರಗೆ ಕಪ್ಪಾಗಿರುತ್ತೆ, ಒಳಗೆ ಕೆಂಪಾಗೇ ಇರುತ್ತೆ. ನಾನೂ ತಿಂದು ಬೆಳೆದವನು. ಹೋದ ವರ್ಷ ಆ ಫೋಟೋ ಹಾಕಿ ‘ನಮ್ಮ ಬಾಡು ನಮ್ಮ ಹೆಮ್ಮೆ’ ಅಂತ ಬರೆದಿದ್ದೆ. ನಿಮ್ಮಲ್ಲಿ ಎಷ್ಟೋ ಜನ ಲೈಕ್ ಕೊಟ್ಟಿದ್ರಿ. ಹೆಮ್ಮೆ ಈಗಲೂ ಇದೆ. ಆದ್ರೆ ಒಳಗೆ ಕೆಂಪು ಉಳಿಯದ ಹಾಗೆ ಬೇಯಿಸೋದರಿಂದ ಹೆಮ್ಮೆ ಕಡಿಮೆ ಆಗಲ್ಲ.

ಅಕ್ಕನ ಸುಳ್ಳು ನನ್ನ ಎದೆಯಲ್ಲಿ ಕೊರೀತಾನೇ ಇತ್ತು. ಮುಂದಿನ ಸಲ ಹೋದಾಗ ನಾನೇ ಹೇಳಿದೆ: "ಸಾರ್, ನಾವು ಹಂದಿ ತಿಂತೀವಿ. ಅವತ್ತು ನೀವು ಕೇಳಿದ ರೀತಿಗೆ ನಾಚಿಕೆಯಾಗಿ ಇಲ್ಲ ಅಂದ್ವಿ." ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಾದ್ರೆ ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿ" ಅಂತ ಬರೆದುಕೊಟ್ಟರು. ಪ್ರಶ್ನೆ ಸರಿಯಾದದ್ದೇ ಆಗಿತ್ತು, ಕೇಳಿದ ದನಿ ಸರಿ ಇರಲಿಲ್ಲ. ತಿನ್ನದವರಿಗೂ "ಮನೆಯಲ್ಲಿ ಯಾರಿಗಾದ್ರೂ ಹುಳು ಇದೆಯಾ" ಅಂತ ಕೇಳಬೇಕಲ್ವಾ?

ಪರೀಕ್ಷೆಯಲ್ಲಿ ಹುಳು ಸಿಕ್ಕಿದ್ದು ನಮ್ಮ ಅವ್ವನಿಗೆ. ಮನೆಯಲ್ಲಿ ಎಲ್ಲರಿಗೂ ಅಡುಗೆ ಮಾಡಿ ಬಡಿಸೋಳು ಅವಳೇ. ಮೊಮ್ಮಗನಿಗೆ ಮುದ್ದೆ ಮುರಿದು ಬಾಯಿಗಿಟ್ಟು ಬೆಳೆಸಿದವಳು. ವಿಷಯ ಗೊತ್ತಾದ ದಿನ ಒಲೆ ಮುಂದೆ ಕೂತು ಎರಡೂ ಕೈ ನೋಡಿಕೊಂಡು, "ನನ್ ಕೈಯಿಂದ್ಲೇ ಮಗೀಗೆ ಬಂತಾ ಅಪ್ಪಾ?" ಅಂದಳು.

ಅವಳಿಂದಲೇ ಬಂತಾ, ನೀರಿನಿಂದಾನಾ, ಬೀದಿ ಬದಿಯ ಸೌತೆಕಾಯಿಯಿಂದಾನಾ, ಯಾರಿಗೂ ಹೇಳೋಕಾಗಲ್ಲ. ಅದನ್ನ ಹೇಳಿದೆ. ಅವ್ವ ನಂಬಲಿಲ್ಲ. ಆಗ ಈ ಕಥೆನೆಲ್ಲ ಕೂತು ಹೇಳಿದೆ, ಕೈದಿ, ಮನೆಗೆಲಸದ ಹುಡುಗಿ, ಮದರಾಸಿನ ಕೂಲಿ, ಎಲ್ಲ. "ನಲವತ್ತು ವರ್ಷ ನಮ್ಮ ಕೇರಿಗೆ ಕಕ್ಕಸು ಕೊಡದೆ ಕತ್ತಲಲ್ಲಿ ಚೊಂಬು ಹಿಡಿದು ಬಯಲಿಗೆ ಕಳಿಸಿದವರು ಕೈ ನೋಡ್ಕೋಬೇಕು ಅವ್ವಾ, ನೀನಲ್ಲ" ಅಂದೆ. ಡಾಕ್ಟರು ಕೊಟ್ಟ ಔಷಧಿಯಿಂದ ಅವಳ ಹುಳು ಹೋಯ್ತು. ಅಷ್ಟು ಸಣ್ಣ ಚಿಕಿತ್ಸೆ. ಅಳಿಯ ಫಿಟ್ಸ್ ಮಾತ್ರೆ ತಗೊಳ್ತಿದ್ದಾನೆ, ಎಂಟು ತಿಂಗಳಿಂದ ಬಿದ್ದಿಲ್ಲ, ಕಾಲೇಜಿಗೆ ಹೋಗ್ತಿದ್ದಾನೆ.

ಇದನ್ನ ಬುಡಸಮೇತ ಕೀಳೋಕಾಗಲ್ಲ ಅನ್ನೋರಿಗೆ: ಪೆರು ದೇಶದ ಟುಂಬೆಸ್ ಅನ್ನೋ ಕಡೆ ಜನಕ್ಕೆ ಔಷಧಿ ಕೊಟ್ಟು, ಹಂದಿಗೂ ಔಷಧಿ, ಲಸಿಕೆ ಕೊಟ್ಟು, 107 ಹಳ್ಳಿಗಳ ಪೈಕಿ 105ರಲ್ಲಿ ಈ ಹುಳು ಹರಡೋದನ್ನ ತಡೆದರು. 2016ರಲ್ಲಿ ವರದಿ ಬಂತು. ಹಂದಿಗೆ ಹಾಕೋ ಲಸಿಕೆ ಈಗ ನಮ್ಮ ಪಕ್ಕದ ಹೈದರಾಬಾದಿನಲ್ಲೇ ತಯಾರಾಗುತ್ತೆ.

ಅದಕ್ಕೇ ಈ ಬರಹ ಓದಿದವರಲ್ಲಿ ನನ್ನ ಮನವಿ:

ಬಾಡನ್ನ ಒಳಗಿನ ಕೆಂಪು ಹೋಗೋವರೆಗೂ ಬೇಯಿಸಿ, ಅದರಲ್ಲೂ ಮಕ್ಕಳಿಗೆ ಕೊಡುವಾಗ.

ಕಕ್ಕಸಿಗೆ ಹೋಗಿ ಬಂದಮೇಲೆ, ಅಡುಗೆಗೆ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ. ಹಸಿ ಸೊಪ್ಪು ತರಕಾರಿ ಚೆನ್ನಾಗಿ ತೊಳೆದು ತಿನ್ನಿ. ಇದು ಮಾಂಸ ತಿನ್ನದವರಿಗೂ ಅನ್ವಯ.

ಫಿಟ್ಸ್ ಬಂದರೆ ತಾಯತ, ಬೀಗದ ಕೈ ಬೇಡ. ಆಸ್ಪತ್ರೆಗೆ ಹೋಗಿ, ಏನು ತಿಂತೀರಿ ಅಂತ ತಲೆ ಎತ್ತಿ ನಿಜ ಹೇಳಿ. ಹುಳುವಿನ ಮಾತ್ರೆಯನ್ನ ನೀವೇ ಅಂಗಡಿಯಿಂದ ತಂದು ನುಂಗಬೇಡಿ, ಮಿದುಳಲ್ಲಿ ಗುಳ್ಳೆ ಇದ್ದರೆ ಫಿಟ್ಸ್ ಜಾಸ್ತಿ ಆಗಬಹುದು.

ನಿಮ್ಮ ತಾಲ್ಲೂಕಿನಲ್ಲಿ ಹಂದಿ ಕಡಿಯೋಕೆ ತಪಾಸಣೆ ಇರೋ ಕಸಾಯಿಖಾನೆ ಇದೆಯಾ, ಹಂದಿಗೆ ಈ ಲಸಿಕೆ ಹಾಕ್ತಿದ್ದಾರಾ, ಕೇರಿಯ ಕಕ್ಕಸಿನ ಗುಂಡಿ ಎಲ್ಲಿಗೆ ಹರಿಯುತ್ತೆ, ಇದನ್ನ ಪಶು ಇಲಾಖೆಗೂ ಪಂಚಾಯಿತಿಗೂ ಪುರಸಭೆಗೂ ಅರ್ಜಿ ಹಾಕಿ ಕೇಳಿ. ಅರ್ಜಿ ಬರೆಯೋಕೆ ಬರಲ್ಲ ಅಂದರೆ ಇನ್‌ಬಾಕ್ಸಿಗೆ ಬನ್ನಿ. ಬರೆದುಕೊಡ್ತೀನಿ, ಅದು ನನ್ನ ದಿನನಿತ್ಯದ ಕೆಲಸ.

ಅವ್ವ ಹದಿನೈದು ದಿನ ಅಡುಗೆ ಮನೆಗೆ ಕಾಲಿಟ್ಟಿರಲಿಲ್ಲ. ಮೊನ್ನೆ ಭಾನುವಾರ ಮೊಮ್ಮಗನೇ ಹೋಗಿ, "ಅಜ್ಜೀ, ನೀನು ಮಾಡಿದ್ರೇನೇ ನಾನು ಉಣ್ಣೋದು" ಅಂತ ಕೂತುಬಿಟ್ಟ. ಎದ್ದು ಸೋಪು ಹಚ್ಚಿ ಎರಡು ಸಲ ಕೈ ತೊಳೆದಳು. ಬಾಡನ್ನ ಎರಡು ಗಂಟೆ ಬೇಯಿಸಿದಳು. ಎಲ್ಲರೂ ಒಟ್ಟಿಗೆ ಕೂತು ಉಂಡ್ವಿ.

ಜೈ ಭೀಮ್.